ಕಿವಿ ಕೆಳಗಿನ ನೋಯದ ಗಂಟು

ನಾಲಿಗೆಯ ತುದಿಯನ್ನು ಕೆನ್ನೆಯ ಒಳಮೈಗೆ ತಾಗಿಸಿ ಮೆಲ್ಲಗೆ ಹಿಂದಕ್ಕೆ ಸರಿಸುತ್ತಾ ಹೋಗಿ. ಮೇಲ್ಸಾಲಿನ ಎರಡನೇ ದವಡೆ ಹಲ್ಲಿನ ನೇರಕ್ಕೆ ಸಾಸಿವೆ ಕಾಳಿನಷ್ಟು ಒಂದು ಉಬ್ಬು ಸಿಗುತ್ತದೆ. ಹುಣ್ಣಾಗಿದೆ ಅಂದುಕೊಂಡು ಗಾಬರಿಯಾಗಬೇಡಿ. ಅದು ಒಂದು ಕೊಳವೆಯ ಬಾಯಿ. ಕಿವಿಯ ಮುಂದೆ, ಕೆಳಗೆ ಹರಡಿಕೊಂಡಿರುವ ಪರೋಟಿಡ್ ಗ್ರಂಥಿಯ ಜೊಲ್ಲು ಬಾಯಿಗೆ ಇಳಿಯುವುದು ಅಲ್ಲಿಂದ.

ಈ ಕೊಳವೆ ಸಿಕ್ಕಿದ ಕಥೆಯೇ ಚೆನ್ನಾಗಿದೆ. 1660ರಲ್ಲಿ ನೀಲ್ಸ್ ಸ್ಟೆನ್ಸೆನ್ ಎಂಬ 22 ವರ್ಷದ ಡೆನ್ಮಾರ್ಕಿನ ಹುಡುಗ ಆಮ್‌ಸ್ಟರ್‌ಡಾಮ್‌ನಲ್ಲಿ ಕುರಿಯ ತಲೆಯೊಂದನ್ನು ಬಿಡಿಸಿ ನೋಡುತ್ತಿದ್ದ. ಅವನ ಕೈಯಲ್ಲಿದ್ದ ಸಲಾಕೆ ಒಂದು ಟೊಳ್ಳಿನೊಳಗೆ ಜಾರಿಕೊಂಡು ಹೋಗಿ ಹಲ್ಲಿಗೆ ಟಣ್ ಎಂದು ಬಡಿಯಿತು. ಅವನ ಗುರು, ಇದನ್ನು ಕಂಡುಹಿಡಿದದ್ದು ತಾನೇ ಎಂದು ಜಗಳಕ್ಕೆ ನಿಂತ. ಆದರೂ ಕೊಳವೆಗೆ ಇವತ್ತಿಗೂ ಉಳಿದಿರುವುದು ಶಿಷ್ಯನ ಹೆಸರೇ. ಭೂಮಿಯ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ನಿಯಮ ಕೊಟ್ಟವನೂ ಇದೇ ಸ್ಟೆನ್ಸೆನ್.

ಜೊಲ್ಲು ಸುರಿಸುವ ಇಂಥ ದೊಡ್ಡ ಗ್ರಂಥಿಗಳು ನಮಗೆ ಮೂರು ಜೊತೆ: ಕಿವಿಯ ಬಳಿ, ಕೆಳದವಡೆಯ ಅಡಿ, ನಾಲಿಗೆಯ ಅಡಿ. ಇವಲ್ಲದೆ ತುಟಿ, ಅಂಗುಳ, ಕೆನ್ನೆಯ ಒಳಗೆಲ್ಲ ನೂರಾರು ಪುಟ್ಟ ಗ್ರಂಥಿಗಳಿವೆ. ಇವುಗಳಲ್ಲಿ ಯಾವುದರಲ್ಲಿ ಬೇಕಾದರೂ ಗಂಟು ಬೆಳೆಯಬಹುದು. ಕ್ಯಾನ್ಸರ್ ಆಗುವುದು ಅಪರೂಪ, ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ. ಇಷ್ಟು ಅಪರೂಪದ ಕಾಯಿಲೆಯ ಬಗ್ಗೆ ನಾನು ಬರೆಯಲು ಕಾರಣ ಒಂದೇ ಒಂದು ಮಾತು: ‘ನೋವಿಲ್ಲ ಅಲ್ವಾ, ಹಾಗಾದ್ರೆ ಏನೂ ಇಲ್ಲ ಬಿಡಿ.’

ಈ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಈ ಜಾಗದಲ್ಲಿ ಲೆಕ್ಕ ಹೆಚ್ಚು ಕಡಿಮೆ ತಿರುಗಾಮುರುಗಾ. ಮಂಗನ ಬಾವು ಬಂದರೆ ಜ್ವರ ಬರುತ್ತದೆ, ನೋಯುತ್ತದೆ, ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಕೊಳವೆಯಲ್ಲಿ ಕಲ್ಲು ಕೂತರೆ ಊಟಕ್ಕೆ ಕೂತಾಗಲೇ ದವಡೆಯಡಿ ಊದಿ ನೋಯುತ್ತದೆ, ಆಮೇಲೆ ಮೆಲ್ಲಗೆ ತಗ್ಗುತ್ತದೆ. ಕ್ಯಾನ್ಸರ್ ಗಂಟು ಬಹಳ ಸಲ ಯಾವ ಸದ್ದೂ ಇಲ್ಲದೆ ಬೆಳೆಯುತ್ತಾ ಹೋಗುತ್ತದೆ. ಕನ್ನಡಿಯಲ್ಲಿ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಗಂತ ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಕಿವಿಯ ಬಳಿ ಏಳುವ ಗಂಟುಗಳಲ್ಲಿ ಐದಕ್ಕೆ ನಾಲ್ಕು ಸಾಧು ಗಂಟುಗಳೇ. ಆದರೆ ಗ್ರಂಥಿ ಚಿಕ್ಕದಾದಷ್ಟೂ ಅಪಾಯ ಜಾಸ್ತಿ. ನಾಲಿಗೆಯಡಿಯ ಗ್ರಂಥಿಯಲ್ಲಿ ಗಂಟು ಬರುವುದೇ ಕಡಿಮೆ, ಬಂದರೆ ಅದು ಕ್ಯಾನ್ಸರ್ ಆಗಿರುವುದೇ ಹೆಚ್ಚು. ಸಾಧು ಗಂಟನ್ನೂ ಹತ್ತಾರು ವರ್ಷ ಸುಮ್ನೆ ಬಿಟ್ಟರೆ ಕೆಲವರಲ್ಲಿ ಅದೇ ಕ್ಯಾನ್ಸರ್‌ಗೆ ತಿರುಗುತ್ತದೆ.

ಈಗ ಅಂಗೈಯ ಬುಡವನ್ನು ಕಿವಿಯ ಕೆಳಗೆ ಇಟ್ಟು, ಐದೂ ಬೆರಳು ಅಗಲಿಸಿ ಮುಖದ ಮೇಲೆ ಇಡಿ. ಒಂದು ಬೆರಳು ಹಣೆಯ ಕಡೆ, ಒಂದು ಕಣ್ಣಿನ ಕಡೆ, ಒಂದು ಮೇಲ್ದುಟಿಯ ಕಡೆ, ಒಂದು ಗಲ್ಲದ ಕಡೆ, ಕೊನೆಯದು ಕುತ್ತಿಗೆಯ ಕಡೆ. ಮುಖದ ನರ ಹೆಚ್ಚು ಕಡಿಮೆ ಹೀಗೇ ಕವಲೊಡೆಯುತ್ತದೆ, ಅದೂ ಪರೋಟಿಡ್ ಗ್ರಂಥಿಯ ಒಳಗೇ. ನಗುವುದು, ಹುಬ್ಬು ಏರಿಸುವುದು, ಕಣ್ಣು ಮುಚ್ಚುವುದು ಎಲ್ಲ ಈ ನರದ ಕೆಲಸ. ಅದಕ್ಕೇ ಕಿವಿಯ ಬಳಿ ಗಂಟು ಇದೆ ಎಂದರೆ ವೈದ್ಯರು ಕಣ್ಣು ಬಿಗಿಯಾಗಿ ಮುಚ್ಚಿ, ಕೆನ್ನೆ ಊದಿಸಿ, ಹಲ್ಲು ತೋರಿಸಿ ಅನ್ನುತ್ತಾರೆ. ಗಂಟಿನ ಜೊತೆಗೆ ಬಾಯಿ ಒಂದು ಕಡೆ ಮೆಲ್ಲಗೆ ಸೊಟ್ಟಗಾಗುತ್ತಿದ್ದರೆ ಅದು ‘ತಣ್ಣನೆ ಗಾಳಿ ಬಡಿದದ್ದು’ ಅಲ್ಲ. ಆ ಗಂಟು ನರಕ್ಕೆ ಕೈ ಹಾಕಿರಬಹುದು.

ನರಕ್ಕೆ ಕೈ ಹಾಕುವುದರಲ್ಲಿ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್ ಎತ್ತಿದ ಕೈ. ಸೂಕ್ಷ್ಮದರ್ಶಕದಲ್ಲಿ ಇದು ಜರಡಿಯ ಹಾಗೆ ತೂತು ತೂತಾಗಿ ಕಾಣುತ್ತದೆ. 1850ರ ದಶಕದಲ್ಲೇ ಇದನ್ನು ಗುರುತಿಸಿದವರಲ್ಲಿ ಥಿಯೋಡೋರ್ ಬಿಲ್ರೋತ್ ಒಬ್ಬರು. 1881ರಲ್ಲಿ ಕ್ಯಾನ್ಸರ್ ಬಂದ ಹೊಟ್ಟೆಯ ಭಾಗವನ್ನು ಕತ್ತರಿಸಿ ತೆಗೆಯುವುದರಲ್ಲಿ ಯಶಸ್ವಿಯಾದ ಶಸ್ತ್ರವೈದ್ಯರು ಅವರು.

ನರ ಎಂದರೆ ಒಂಟಿ ಎಳೆಯಲ್ಲ. ಹೊದಿಕೆ ಸುತ್ತಿದ ವಿದ್ಯುತ್ ಕೇಬಲ್ ಇದ್ದ ಹಾಗೆ, ಒಳಗೆ ಎಳೆಗಳ ಕಟ್ಟು, ಸುತ್ತಲೂ ಪದರಗಳು. ಈ ಕ್ಯಾನ್ಸರ್ ಆ ಪದರದ ಸಂದಿಗೆ ನುಸುಳಿ ಉದ್ದಕ್ಕೂ ಸಾಗುತ್ತದೆ. ಅಡ್ಡಿಯಿಲ್ಲದ ದಾರಿ ಸಿಕ್ಕಿತು, ನುಗ್ಗಿತು, ಅಷ್ಟೇ ಎಂದು ಮೊದಲು ತಿಳಿದಿದ್ದರು. ಆದರೆ ನರ ಸುಮ್ಮನೆ ಬಿದ್ದಿರುವ ಕೊಳವೆಯಲ್ಲ. ನರ ಮತ್ತು ಅದನ್ನು ಪೋಷಿಸುವ ಕೋಶಗಳು ಬೆಳವಣಿಗೆಗೆ ಬೇಕಾದ ಪ್ರೋಟೀನುಗಳನ್ನು ಸೂಸುತ್ತಿರುತ್ತವೆ. ಅವನ್ನು ಹಿಡಿಯುವ ಕೊಂಡಿಗಳು ಕ್ಯಾನ್ಸರ್ ಕೋಶಗಳ ಮೈಮೇಲೂ ಇರುತ್ತವೆ. ಸಿಹಿಯ ಜಾಡು ಹಿಡಿದ ಇರುವೆಯಂತೆ ಕೋಶಗಳು ನರದತ್ತ ಸರಿಯುತ್ತವೆ, ಆಮೇಲೆ ಹಂದರ ಸಿಕ್ಕ ಬಳ್ಳಿಯಂತೆ ಅದನ್ನೇ ಹಿಡಿದು ಹಬ್ಬುತ್ತವೆ. ಗಂಟು ಇರುವುದು ಅಂಗುಳದಲ್ಲಿ, ಅದರ ಎಳೆ ತಲೆಬುರುಡೆಯ ಬುಡದವರೆಗೆ ಹೋಗಿರಬಹುದು. ಆದ್ದರಿಂದಲೇ ಶಸ್ತ್ರಚಿಕಿತ್ಸೆ ಆದಮೇಲೂ ನರದ ದಾರಿಯುದ್ದಕ್ಕೆ ವಿಕಿರಣ ಕೊಡುವುದುಂಟು.

ಇನ್ನೊಂದು ತಪ್ಪು ನಂಬಿಕೆ: ‘ಸೂಜಿ ಚುಚ್ಚಿಸಬೇಡಿ, ಹರಡಿಬಿಡುತ್ತೆ.’ ಈ ಭಯದಿಂದ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ಪರೀಕ್ಷೆಗೆ ಬಳಸುವುದು ತೀರ ಸಣ್ಣ ಸೂಜಿ. ಅದು ಚುಚ್ಚಿದ ದಾರಿಯಲ್ಲಿ ಗಂಟು ಮರಳಿ ಬರುವುದು ಅತ್ಯಂತ ಅಪರೂಪ. ನಿಜವಾದ ತೊಂದರೆ ಇದ್ದದ್ದು ಬೇರೆ ಕಡೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಮುಖದ ನರ ಕತ್ತರಿಸಿ ಹೋದೀತೆಂಬ ಅಂಜಿಕೆಯಿಂದ ವೈದ್ಯರು ಗಂಟನ್ನು ಮಾತ್ರ ಬಗೆದು ತೆಗೆಯುತ್ತಿದ್ದರು. ತೆಳು ಹೊದಿಕೆ ಒಡೆದು ಕೋಶಗಳು ಅಲ್ಲೇ ಚೆಲ್ಲುತ್ತಿದ್ದವು, ವರ್ಷಗಳ ಮೇಲೆ ಒಂದರ ಜಾಗದಲ್ಲಿ ಹತ್ತು ಗಂಟು ಏಳುತ್ತಿದ್ದವು. ಮೊದಲು ನರವನ್ನು ಹುಡುಕಿ, ಬಿಡಿಸಿ, ಕಾಪಾಡಿಕೊಂಡು ಸುತ್ತಲಿನ ಗ್ರಂಥಿಯ ಸಮೇತ ಗಂಟು ತೆಗೆಯುವ ವಿಧಾನ ಬಂದಮೇಲೆ ಈ ಕಾಟ ಬಹಳ ಕಡಿಮೆಯಾಯಿತು.

ಕಾರಣ ಏನು? ಬಹುಪಾಲು ರೋಗಿಗಳಲ್ಲಿ ಇದೇ ಎಂದು ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ಖಚಿತವಾಗಿ ಗೊತ್ತಿರುವುದು ವಿಕಿರಣ. ಹಿರೋಷಿಮಾ, ನಾಗಾಸಾಕಿಯಲ್ಲಿ ಬದುಕುಳಿದವರಲ್ಲಿ ಈ ಗ್ರಂಥಿಗಳ ಗಂಟುಗಳು ಹೆಚ್ಚಾಗಿ ಕಂಡವು. ‘ನಾನೇನು ತಪ್ಪು ತಿಂದೆ, ಏನು ಪಾಪ ಮಾಡಿದೆ’ ಎಂದು ಕೊರಗುವ ರೋಗಿಗೆ ಇದನ್ನು ಹೇಳಲೇಬೇಕು: ನೀವು ಮಾಡಿದ್ದು ಏನೂ ಇಲ್ಲ. ಅಡಿನಾಯ್ಡ್ ಸಿಸ್ಟಿಕ್ ಬಗೆಯಲ್ಲಿ ಬಹಳ ಸಲ ಕಾಣುವುದು 6 ಮತ್ತು 9ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಅಂಟಿಕೊಂಡಿರುವುದು. ಅದರಿಂದ ಒಂದು ಕೋಶ ಎರಡಾಗುವಂತೆ ಮಾಡುವ ಒಂದು ಜೀನ್ ಆರದ ದೀಪದಂತೆ ಉರಿಯುತ್ತಲೇ ಇರುತ್ತದೆ. ಇದು ತಾಯಿತಂದೆಯಿಂದ ಬಂದದ್ದಲ್ಲ, ಆ ಕೋಶದೊಳಗೇ ಆದ ಎಡವಟ್ಟು.

ಬೇರೆ ಕ್ಯಾನ್ಸರ್‌ಗಳಲ್ಲಿ ಐದು ವರ್ಷ ದಾಟಿದರೆ ಎಲ್ಲರೂ ಉಸಿರು ಬಿಡುತ್ತಾರೆ. ಈ ಬಗೆಯಲ್ಲಿ ಹಾಗಲ್ಲ. ರೋಗಿ ಹತ್ತು ವರ್ಷ ಆರಾಮಾಗಿದ್ದು, ಹದಿನೈದನೇ ವರ್ಷದಲ್ಲಿ ಶ್ವಾಸಕೋಶದಲ್ಲಿ ಚುಕ್ಕೆಗಳು ಕಾಣಿಸಬಹುದು. ಆ ಚುಕ್ಕೆಗಳೂ ಎಷ್ಟೋ ಸಲ ವರ್ಷಗಟ್ಟಲೆ ಆಮೆಯ ಹಾಗೆ ಬೆಳೆಯುತ್ತವೆ, ರೋಗಿ ಕೆಲಸ ಕಾರ್ಯ ಮಾಡಿಕೊಂಡೇ ಇರುತ್ತಾರೆ. ವಾಸಿಯಾಗಿ ಅಷ್ಟು ಕಾಲವಾದ ಮೇಲೂ ವೈದ್ಯರು ಎದೆಯ ಸ್ಕ್ಯಾನ್ ಬರೆದುಕೊಟ್ಟರೆ ಅದಕ್ಕೆ ಕಾರಣ ಆ ಕೋಶಗಳ ನಿಧಾನ ನಡಿಗೆ.