ಮೂರು ತುಂಡಾದ ಕಾಡು, ಎಂಟುನೂರಕ್ಕೂ ಕಡಿಮೆ ಜೀವಗಳು

ಚಿಂಚೋಳಿಯ ಕಾಡಿನ ಅಂಚಿಗೆ ತಾಗಿಕೊಂಡೇ ತೊಗರಿ ಹೊಲಗಳಿವೆ. ನರಿಗೆ ಅದೊಂದು ಅಡ್ಡಿಯಲ್ಲ. ಕತ್ತಲಾದ ಮೇಲೆ ಸಾಲುಗಳ ನಡುವೆ ನುಸುಳಿ ಆಚೆಯ ಗುಡ್ಡ ಸೇರಿಕೊಳ್ಳುತ್ತದೆ. ಮರದಿಂದ ಮರಕ್ಕೆ ಸಾಗುತ್ತ ಬದುಕುವ ದೊಡ್ಡ ವಾನರ ಒರಾಂಗುಟಾನ್‌ಗೆ ಮಾತ್ರ ಬಯಲಾದ ನೆಲವೆಂದರೆ ಗೋಡೆಯಿದ್ದಂತೆ. ಹುಲಿಗಳಿರುವ ಸುಮಾತ್ರದಲ್ಲಿ ಅದು ಕೆಳಗಿಳಿಯುವುದೇ ಅಪರೂಪ.

ಇಂಡೊನೇಷ್ಯಾದ ಉತ್ತರ ಸುಮಾತ್ರದ ಬಾತಂಗ್ ತೋರು ಕಾಡಿನಲ್ಲಿ ಮಾತ್ರ ಉಳಿದಿರುವ ತಾಪನುಲಿ ಒರಾಂಗುಟಾನ್ ಪ್ರತ್ಯೇಕ ಪ್ರಭೇದವೆಂದು ವಿಜ್ಞಾನಿಗಳು ಗುರುತಿಸಿದ್ದು 2017ರಲ್ಲಿ. ಅವುಗಳ ಸಂಖ್ಯೆ 800ಕ್ಕೂ ಕಡಿಮೆಯೆಂದು ಆಗಲೇ ಅಂದಾಜಿಸಲಾಗಿತ್ತು. ನೆಲೆಯ ವಿಸ್ತೀರ್ಣ ಸುಮಾರು 1,000 ಚದರ ಕಿಲೋಮೀಟರ್, ಅಂದರೆ ನಮ್ಮ ಕಲಬುರಗಿ ಜಿಲ್ಲೆಯ ಹತ್ತರಲ್ಲೊಂದು ಪಾಲು. ಅದೂ ಪಶ್ಚಿಮ, ಪೂರ್ವ, ದಕ್ಷಿಣವೆಂದು ಮೂರು ತುಂಡಾಗಿದೆ. ಇವು ಮೂಲತಃ ಬೆಟ್ಟದ ಪ್ರಾಣಿಗಳೇನಲ್ಲ. ಹಿಂದೆ ತಗ್ಗಿನ ಕಾಡುಗಳಲ್ಲೂ ಇದ್ದವು, ಅಲ್ಲಿ ನೆಲೆ ಕಳೆದುಕೊಂಡ ಮೇಲೆ ಎತ್ತರದಲ್ಲಷ್ಟೇ ಉಳಿದವು.

ಸುಮಾತ್ರದ ಹೆಣ್ಣು ಒರಾಂಗುಟಾನ್ ಸುಮಾರು 15ನೆಯ ವಯಸ್ಸಿಗೆ ಮೊದಲ ಮರಿ ಹಾಕುತ್ತದೆ, ಮುಂದಿನದಕ್ಕೆ ಮತ್ತೆ ಎಂಟೊಂಬತ್ತು ವರ್ಷ. ಯಾವ ಹಣ್ಣು ಯಾವಾಗ ಮಾಗುತ್ತದೆ, ಗೂಡು ಹೇಗೆ ಕಟ್ಟಬೇಕು ಎಂಬುದನ್ನೆಲ್ಲ ಮರಿ ಅಷ್ಟೂ ಕಾಲ ತಾಯಿಯ ಜೊತೆಗಿದ್ದೇ ಕಲಿಯುತ್ತದೆ. ಹೀಗಾಗಿ ವರ್ಷಕ್ಕೆ ನೂರಕ್ಕೊಂದರಂತೆ ಪ್ರಾಯದ ಪ್ರಾಣಿಗಳು ಹೆಚ್ಚುವರಿಯಾಗಿ ಸತ್ತರೂ ಸಂತತಿ ಇಳಿಯತೊಡಗುತ್ತದೆ. ಹೆಣ್ಣುಗಳು ಹುಟ್ಟಿದ ನೆಲೆಯ ಆಸುಪಾಸಿನಲ್ಲೇ ಇರುತ್ತವೆ, ಗಂಡುಗಳು ದೂರ ಹೋಗುತ್ತವೆ. ತುಂಡುಗಳ ನಡುವೆ ಗಂಡುಗಳ ಓಡಾಟ ನಿಂತರೆ ರಕ್ತಸಂಬಂಧಿಗಳಲ್ಲೇ ಸಂತಾನ ಬೆಳೆದು ಗುಂಪು ದುರ್ಬಲವಾಗುತ್ತದೆ. ಈ ಕಾಡಿನಲ್ಲೇ 510 ಮೆಗಾವಾಟ್‌ನ ಜಲವಿದ್ಯುತ್ ಯೋಜನೆ, ಚಿನ್ನದ ಗಣಿಯೂ ಬಂದಿವೆ. ಅಣೆಕಟ್ಟಿನಷ್ಟೇ ಅದಕ್ಕೆಂದು ತೆರೆದ ರಸ್ತೆಗಳೂ ನನ್ನನ್ನು ಕಳವಳಕ್ಕೀಡುಮಾಡುತ್ತವೆ.

ಆದ್ದರಿಂದ ಇರುವ ಕಾಡನ್ನು ಕಾಯುವುದರ ಜೊತೆಗೆ, ತುಂಡುಗಳ ನಡುವೆ ಮರಗಳ ಸಾಲನ್ನು ಮತ್ತೆ ಬೆಸೆಯಬೇಕು. ಆ ನಡುವಿನ ನೆಲದಲ್ಲಿ ರೈತರ ತೋಟಗಳಿವೆ. ಜಿಂಕೆ, ಕಾಡುಹಂದಿಗಳಿಂದ ಬೆಳೆ ಉಳಿಸಿಕೊಳ್ಳಲು ರಾತ್ರಿ ಹೊಲ ಕಾಯುವ ನಮ್ಮ ಭಾಗದ ರೈತರಿಗೆ ಅವರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಷ್ಟವನ್ನು ತುಂಬಿಕೊಡದೆ ಅವರ ಸಹಕಾರ ಬಯಸುವುದು ನ್ಯಾಯವಲ್ಲ. ತಾಪನುಲಿ ಬೇರೆಯೇ ಪ್ರಭೇದವೆಂದು ತೋರಿಸಿಕೊಟ್ಟ ತಲೆಬುರುಡೆ, ಜನರೊಂದಿಗಿನ ಸಂಘರ್ಷದಲ್ಲಿ ಗಾಯಗೊಂಡು 2013ರಲ್ಲಿ ಸತ್ತ ಗಂಡು ಒರಾಂಗುಟಾನ್‌ನದು.