ಕಂಟ್ರಿ ರಾಕ್, ಸದರ್ನ್ ರಾಕ್: ಜಾರುವ ಸ್ವರ ಎಲ್ಲಿಂದ ಬಂತು?

ಪ್ರಶ್ನೆ: ಈಗಲ್ಸ್ ತಂಡದ್ದು ಕಂಟ್ರಿ ರಾಕ್, ಲೆನರ್ಡ್ ಸ್ಕಿನರ್ಡ್ ತಂಡದ್ದು ಸದರ್ನ್ ರಾಕ್ ಎನ್ನುತ್ತಾರೆ. ನನ್ನ ಕಿವಿಗೆ ಎರಡೂ ಒಂದೇ. ಅದೇ ಗಿಟಾರು, ಅದೇ ಉದ್ದ ಕೂದಲು, ಅದೇ ಹೆದ್ದಾರಿಯ ಹಾಡು. ಕಂಟ್ರಿ ಸಂಗೀತ ಬೆಳೆದದ್ದೂ ಅಮೆರಿಕದ ದಕ್ಷಿಣದಲ್ಲೇ ಅಲ್ಲವೇ? ಮತ್ತೆ ಎರಡು ಹೆಸರು ಏಕೆ?

ಉತ್ತರ: ಭೂಪಟ ಮುಂದಿಟ್ಟುಕೊಂಡು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟುಬಿಡಬಹುದು. ಕಂಟ್ರಿ ರಾಕ್ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿತು, ಸದರ್ನ್ ರಾಕ್ ಫ್ಲಾರಿಡಾ, ಜಾರ್ಜಿಯಾಗಳಲ್ಲಿ. ಬಹಳಷ್ಟು ಕಡೆ ಹೀಗೇ ಬರೆದಿರುತ್ತಾರೆ, ಅದು ತಪ್ಪೂ ಅಲ್ಲ. ಆದರೆ ಕಲಾವಿದರ ಊರು ಕೇಳಲು ಹೊರಟರೆ ಭೂಪಟ ಕೈಕೊಡುತ್ತದೆ.

ಕಂಟ್ರಿ ರಾಕ್‌ನ ಮೂಲಪುರುಷ ಎಂದು ಎಲ್ಲರೂ ಬೆರಳು ತೋರಿಸುವ ಗ್ರ್ಯಾಮ್ ಪಾರ್ಸನ್ಸ್ ಹುಟ್ಟಿದ್ದು ಫ್ಲಾರಿಡಾದಲ್ಲಿ, ಬೆಳೆದದ್ದು ಜಾರ್ಜಿಯಾದ ವೇಕ್ರಾಸ್ ಎಂಬ ಊರಿನಲ್ಲಿ, ಓದಿದ್ದು ಜ್ಯಾಕ್ಸನ್‌ವಿಲ್‌ನ ಶಾಲೆಯೊಂದರಲ್ಲಿ. ಆಲ್ಮನ್ ಬ್ರದರ್ಸ್ ಬ್ಯಾಂಡ್ 1969ರಲ್ಲಿ ಕೂಡಿಕೊಂಡದ್ದು ಅದೇ ಜ್ಯಾಕ್ಸನ್‌ವಿಲ್‌ನಲ್ಲಿ. ಲೆನರ್ಡ್ ಸ್ಕಿನರ್ಡ್ ಹುಡುಗರ ಊರೂ ಅದೇ. ಇನ್ನು ಸದರ್ನ್ ರಾಕ್‌ನ ನಾಡಗೀತೆಯಂತಾಗಿರುವ 1974ರ ‘ಸ್ವೀಟ್ ಹೋಮ್ ಅಲಬಾಮಾ’ ತೆಗೆದುಕೊಳ್ಳಿ. ಅದನ್ನು ಕಟ್ಟಿದ ಮೂವರಲ್ಲಿ ಒಬ್ಬರೂ ಅಲಬಾಮಾದವರಲ್ಲ. ಮೊದಲ ಕ್ಷಣದಲ್ಲೇ ಗುರುತು ಸಿಗುವ ಆ ಗಿಟಾರ್ ಎಳೆಯನ್ನು ನುಡಿಸಿದ ಎಡ್ ಕಿಂಗ್ ಅಪ್ಪಟ ಕ್ಯಾಲಿಫೋರ್ನಿಯಾದವನು. ಕ್ಯಾಲಿಫೋರ್ನಿಯಾದ ದನಿ ಎಂದೇ ಹೆಸರಾದ ಈಗಲ್ಸ್‌ನ ಮೊದಲ ನಾಲ್ವರಲ್ಲಿ ಒಬ್ಬ ಡೆಟ್ರಾಯಿಟ್ ಕಡೆಯವನು, ಒಬ್ಬ ಟೆಕ್ಸಸ್‌ನವನು, ಒಬ್ಬ ನೆಬ್ರಾಸ್ಕಾದವನು, ಇನ್ನೊಬ್ಬ ಮಿನ್ನೆಸೋಟದಲ್ಲಿ ಹುಟ್ಟಿದವನು. ಅವರ ಮೊದಲ ಆಲ್ಬಮ್ ಧ್ವನಿಮುದ್ರಣವಾದದ್ದು ಲಂಡನ್ನಿನಲ್ಲಿ!

ಹಾಗಾಗಿ ನಾನು ಊರು ಕೇಳುವುದನ್ನು ಬಿಟ್ಟು ಬೇರೆಯದನ್ನು ಕೇಳುತ್ತೇನೆ: ಈ ಹುಡುಗರು ಗುರು ಎಂದು ಯಾರ ಕಡೆ ಮುಖ ಮಾಡಿದ್ದರು? ಕಂಟ್ರಿ ರಾಕ್‌ನವರು ರಾಕ್ ನುಡಿಸುತ್ತಿದ್ದವರು. ನ್ಯಾಶ್‌ವಿಲ್‌ನ, ಬೇಕರ್ಸ್‌ಫೀಲ್ಡ್‌ನ ಕಂಟ್ರಿ ಹಾಡುಗಳಿಗೆ ಮನಸೋತು ಅವನ್ನು ಹುಡುಕಿಕೊಂಡು ಹೋದರು. ಸದರ್ನ್ ರಾಕ್‌ನವರ ಗುರುಗಳು ಬ್ಲೂಸ್ ಮತ್ತು ಸೋಲ್ ಸಂಗೀತದ ಕರಿಯ ಕಲಾವಿದರು. ಕಂಟ್ರಿಯನ್ನು ಅವರು ಹುಡುಕಬೇಕಾಗಿರಲಿಲ್ಲ, ಅದು ಮನೆಯ ರೇಡಿಯೊದಲ್ಲೇ ಇತ್ತು.

ಇದನ್ನು ಕಿವಿಯಿಂದಲೇ ಪತ್ತೆ ಹಚ್ಚುವ ಒಂದು ಉಪಾಯವಿದೆ. ಎರಡೂ ಪ್ರಕಾರಗಳಲ್ಲಿ ಸ್ವರ ಒಂದೆಡೆಯಿಂದ ಇನ್ನೊಂದೆಡೆಗೆ ಜಾರುತ್ತದೆ. ಜಾರು ಎಂಬ ಗಮಕವನ್ನು ಬಲ್ಲ ನಮ್ಮ ಕಿವಿಗೆ ಇದು ಹೊಸತಲ್ಲ. ಜಾರಿಸುವ ಸಾಧನ ಯಾವುದು ಎಂದು ಗಮನಿಸಿ.

ಕಂಟ್ರಿ ರಾಕ್‌ನಲ್ಲಿ ಅದು ಪೆಡಲ್ ಸ್ಟೀಲ್. ಹೆಸರಿಗೆ ಗಿಟಾರ್, ನೋಡಲು ಕಾಲುಗಳಿರುವ ಮೇಜು. ಸಾಮಾನ್ಯವಾಗಿ ಹತ್ತು ತಂತಿಗಳು. ವಾದಕ ಅದರ ಮುಂದೆ ಕುಳಿತು ಎಡಗೈಯಲ್ಲಿ ಉಕ್ಕಿನ ಸರಳೊಂದನ್ನು ತಂತಿಗಳ ಮೇಲೆ ಸರಿಸುತ್ತಾನೆ, ಬಲಗೈಯಲ್ಲಿ ಮೀಟುತ್ತಾನೆ, ಜೊತೆಗೆ ಪಾದದಿಂದ ಪೆಡಲ್ಲುಗಳನ್ನು, ಮೊಣಕಾಲಿನಿಂದ ಸನ್ನೆಕೋಲುಗಳನ್ನು ಒತ್ತುತ್ತಾನೆ. ಒತ್ತಿದಾಗ ಒಂದೆರಡು ತಂತಿಗಳ ಶ್ರುತಿ ಮಾತ್ರ ಏರುತ್ತದೆ ಅಥವಾ ಇಳಿಯುತ್ತದೆ, ಉಳಿದವು ಇದ್ದಲ್ಲೇ ಮಿಡಿಯುತ್ತಿರುತ್ತವೆ. ಮೂರು ಜನ ಕೂಡಿ ಹಾಡುವಾಗ ಒಬ್ಬ ಮಾತ್ರ ಮೆಲ್ಲನೆ ಮೇಲಿನ ಸ್ವರಕ್ಕೆ ಹೋದ ಹಾಗೆ. ಕಂಟ್ರಿ ಹಾಡಿನ ಬಿಕ್ಕುವ ಗುಣವೆಲ್ಲ ಹುಟ್ಟುವುದು ಇಲ್ಲಿಂದ. ಈ ವಾದ್ಯವನ್ನು ನೆಚ್ಚಿಕೊಂಡ ಸಂಗೀತ ಸಹಜವಾಗಿಯೇ ಹಾಡಿಗೆ ಬಾಗುತ್ತದೆ: ಮೂರು ನಾಲ್ಕು ನಿಮಿಷದ ಅಚ್ಚುಕಟ್ಟಾದ ಕಟ್ಟು, ಒಂದರ ಮೇಲೊಂದು ಕೂರುವ ದನಿಗಳು, ಸಾಹಿತ್ಯಕ್ಕೆ ಅಡ್ಡಬಾರದ ತಾಳ.

ಸದರ್ನ್ ರಾಕ್‌ನಲ್ಲಿ ಜಾರಿಸುವುದು ಗಾಜಿನ ಸೀಸೆ. ಆಲ್ಮನ್ ಬ್ರದರ್ಸ್ ತಂಡದ ಗಿಟಾರ್ ವಾದಕ ಡ್ವೇನ್ ಆಲ್ಮನ್ ಬಳಸುತ್ತಿದ್ದದ್ದು ಕೊರಿಸಿಡಿನ್ ಎಂಬ ನೆಗಡಿ ಮಾತ್ರೆಯ ಪುಟ್ಟ ಖಾಲಿ ಸೀಸೆಯನ್ನು. ಅದನ್ನು ಉಂಗುರದ ಬೆರಳಿಗೆ ತೊಡಿಸಿಕೊಂಡು ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಮೇಲೆ ಜಾರಿಸುತ್ತಿದ್ದ. ಇಲ್ಲಿ ಪೆಡಲ್ ಇಲ್ಲ, ಲೆಕ್ಕಾಚಾರದ ನಯವೂ ಇಲ್ಲ. ಸ್ವರ ಕಿರುಚುತ್ತದೆ, ಗದ್ಗದಿಸುತ್ತದೆ, ಬೇಕೆಂದೇ ಅಂಚಿನಲ್ಲಿ ನಿಲ್ಲುತ್ತದೆ. ಮಿಸಿಸಿಪ್ಪಿ ಕಡೆಯ ಹಳೆಯ ಡೆಲ್ಟಾ ಬ್ಲೂಸ್‌ನವರು ಬಾಟಲಿಯ ಕತ್ತು, ಚಾಕು ಹಿಡಿದು ನುಡಿಸುತ್ತಿದ್ದ ಪದ್ಧತಿಗೇ ವಿದ್ಯುತ್ ಕೊಟ್ಟಂತೆ. ಮುಂದೆ ಇದೇ ತಂಡಕ್ಕೆ ಬಂದ ಡೆರೆಕ್ ಟ್ರಕ್ಸ್ ಅಲಿ ಅಕ್ಬರ್ ಖಾನರ ಸರೋದಿಗೆ ಮಾರುಹೋದವನು. ಅವನ ಸ್ಲೈಡ್, ಅಂದರೆ ಹೀಗೆ ಜಾರಿಸುವ ನುಡಿಸಾಣಿಕೆ, ಕೇಳಿ ನಿಮಗೆ ಹಿಂದೂಸ್ತಾನಿಯ ಮೀಂಡ್ ನೆನಪಾದರೆ ಅದು ನಿಮ್ಮ ಭ್ರಮೆಯಲ್ಲ.

ಸೀಸೆಯನ್ನು ನೆಚ್ಚಿಕೊಂಡ ಸಂಗೀತ ಹಾಡಿಗಿಂತ ನುಡಿಸಾಣಿಕೆಗೆ ಬಾಗಿತು. ಆಲ್ಮನ್ ತಂಡದಲ್ಲಿ ಇಬ್ಬರು ಡ್ರಮ್ಮರ್‌ಗಳು, ಕೂಡಿ ನುಡಿಯುವ ಎರಡು ಗಿಟಾರ್‌ಗಳು, ಹಿಂದೆ ಹ್ಯಾಮಂಡ್ ಆರ್ಗನ್. ಆ ಇಬ್ಬರು ಡ್ರಮ್ಮರ್‌ಗಳಲ್ಲಿ ಜೇಮೊ ಕರಿಯ, ಬುಚ್ ಟ್ರಕ್ಸ್ ಬಿಳಿಯ. 1969ರ ಜಾರ್ಜಿಯಾದಲ್ಲಿ ಇಂಥ ತಂಡ ಒಂದೇ ಮನೆಯಲ್ಲಿ ಬಾಳಿತು ಎಂಬುದು ಸಣ್ಣ ಸಂಗತಿಯಲ್ಲ. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿ ಇವರು ನುಡಿಸಿದ ಕಛೇರಿ ಜೋಡಿ ಎಲ್‌ಪಿಯಾಗಿ ಬಂತು. ಎರಡು ತಟ್ಟೆಗಳಲ್ಲಿ ಏಳೇ ಹಾಡು. ಕೊನೆಯ ‘ವಿಪಿಂಗ್ ಪೋಸ್ಟ್’ ಇಪ್ಪತ್ತಮೂರು ನಿಮಿಷ ಓಡುತ್ತದೆ, ಒಂದಿಡೀ ಮಗ್ಗುಲು ಅದಕ್ಕೇ. ಅದರ ಆರಂಭದಲ್ಲಿ ಬಾಸ್ ಗಿಟಾರ್ ನುಡಿಸುವ ಹನ್ನೊಂದರ ಎಣಿಕೆಯನ್ನು ತೊಡೆ ತಟ್ಟಿಕೊಂಡು ಲೆಕ್ಕ ಹಾಕಿ ನೋಡಿ: ತಕಿಟ ತಕಿಟ ತಕಿಟ ತಕ. ಈ ಬಗೆಯ ಲೆಕ್ಕವನ್ನು ಕಂಟ್ರಿ ರಾಕ್‌ನವರ ಮುಂದಿಟ್ಟಿದ್ದರೆ ಎದ್ದು ಹೋಗುತ್ತಿದ್ದರೇನೋ.

ಈಗ ಪಾರ್ಸನ್ಸ್‌ನ ಕಡೆಗೆ ಬರೋಣ. 1968ರಲ್ಲಿ ಅವನು ಬರ್ಡ್ಸ್ ತಂಡ ಸೇರಿದ. ಆ ಕಾಲಕ್ಕೆ ಅದು ಕ್ಯಾಲಿಫೋರ್ನಿಯಾದ ದೊಡ್ಡ ರಾಕ್ ತಂಡ. ಇವನು ಬಂದದ್ದೇ ತಡ, ತಂಡವನ್ನು ನ್ಯಾಶ್‌ವಿಲ್‌ಗೆ ಎಳೆದುಕೊಂಡು ಹೋಗುವುದರಲ್ಲಿ ಮುಂದಾದ. ಅಲ್ಲಿನ ನುರಿತ ಪೆಡಲ್ ಸ್ಟೀಲ್ ವಾದಕರೂ ಸೇರಿ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ’ ಆಲ್ಬಮ್ ಆಯಿತು. ಅದೇ ಮಾರ್ಚ್‌ನಲ್ಲಿ ಕಂಟ್ರಿ ಸಂಗೀತದ ಗರ್ಭಗುಡಿಯಾದ ಗ್ರ್ಯಾಂಡ್ ಓಲ್ ಓಪ್ರಿ ವೇದಿಕೆಯ ಮೇಲೂ ನಿಂತರು. ಉದ್ದ ಕೂದಲಿನ ಹುಡುಗರನ್ನು ಕಂಡ ಸಭಿಕರು ಗೇಲಿ ಮಾಡಿದರು. ಪಾರ್ಸನ್ಸ್ ಸಾಲದ್ದಕ್ಕೆ ಮೊದಲೇ ಘೋಷಿಸಿದ್ದ ಹಾಡನ್ನು ಬಿಟ್ಟು ತನ್ನದೇ ಹಾಡು ಹಾಡಿ ವೇದಿಕೆಯ ಯಜಮಾನರ ಸಿಟ್ಟನ್ನೂ ಕಟ್ಟಿಕೊಂಡ. ಇಡೀ ಕಂಟ್ರಿ ರಾಕ್ ಈ ಒಂದು ಸಂಜೆಯಲ್ಲಿದೆ ಎನ್ನಿಸುತ್ತದೆ ನನಗೆ: ಕರೆಯದ ಮನೆಗೆ ಹೂವು ಹಿಡಿದು ಹೋದವರ ಸಂಗೀತ ಅದು. ಮುಂದಿನ ವರ್ಷ ತನ್ನ ಫ್ಲೈಯಿಂಗ್ ಬರಿಟೊ ಬ್ರದರ್ಸ್ ತಂಡದೊಡನೆ ಕಂಟ್ರಿ ತಾರೆಯರಂತೆ ಕಸೂತಿ ಮಾಡಿಸಿದ ಸೂಟು ತೊಟ್ಟ. ಕಸೂತಿಯಲ್ಲಿ ಗಾಂಜಾ ಎಲೆ, ಗಸಗಸೆ ಹೂವು! 1973ರಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತಾರು. ಬರಿಟೊ ತಂಡದಲ್ಲಿದ್ದ ಬರ್ನಿ ಲೆಡನ್ ಈಗಲ್ಸ್‌ಗೆ ಸೇರಿದ, ಪಾರ್ಸನ್ಸ್‌ಗೆ ಸಿಗದ ಹಣ ಈಗಲ್ಸ್‌ಗೆ ಸಿಕ್ಕಿತು.

ಲೆನರ್ಡ್ ಸ್ಕಿನರ್ಡ್ ವಿಚಾರದಲ್ಲಿ ಒಂದು ತಮಾಷೆ ಹೇಳಲೇಬೇಕು. ಉದ್ದ ಕೂದಲಿಗಾಗಿ ತಮ್ಮನ್ನು ಕಾಡಿದ ವ್ಯಾಯಾಮ ಶಿಕ್ಷಕರ ಹೆಸರನ್ನೇ ಇವರು ತಿರುಚಿ ತಂಡಕ್ಕಿಟ್ಟರು. ಅದರ ಕಾಗುಣಿತ ಎಷ್ಟು ವಕ್ರವೆಂದರೆ 1973ರ ಮೊದಲ ಆಲ್ಬಮ್ಮಿಗೆ ಉಚ್ಚಾರಣೆಯನ್ನೇ ಹೆಸರಾಗಿ ಮುದ್ರಿಸಬೇಕಾಯಿತು. ಕನ್ನಡದಲ್ಲಿ ಬರೆಯುವವರಿಗೆ ಈ ಕಷ್ಟವಿಲ್ಲ. ಇವರ ಸಂಗೀತ ಆಲ್ಮನ್ ತಂಡಕ್ಕಿಂತ ಗಡುಸು, ಬಿಗಿ, ಮೂರು ಗಿಟಾರ್. ಜೊತೆಗೆ ಮೊಂಡು ಅಭಿಮಾನವೂ ಇದೆ. ದಕ್ಷಿಣದ ವರ್ಣದ್ವೇಷವನ್ನು ಖಂಡಿಸಿ ಹಾಡಿದ್ದ ನೀಲ್ ಯಂಗ್‌ಗೆ ಅಲಬಾಮಾ ಹಾಡಿನಲ್ಲಿ ಹೆಸರೆತ್ತಿಯೇ ಮಾರುತ್ತರ ಕೊಟ್ಟರು. ವೇದಿಕೆಯ ಹಿಂದೆ, ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದವರು ಅಂತರ್ಯುದ್ಧದಲ್ಲಿ ಹಿಡಿದಿದ್ದ ಬಾವುಟ ತೂಗಿತು. ಆ ಬಾವುಟದ ವಾಸನೆ ಈ ಪ್ರಕಾರಕ್ಕೆ ಇಂದಿಗೂ ಅಂಟಿಕೊಂಡಿದೆ. ಆದರೆ ಗಾಯಕ ರಾನಿ ವ್ಯಾನ್ ಜ್ಯಾಂಟ್ ನೀಲ್ ಯಂಗ್‌ನ ಅಭಿಮಾನಿ. 1977ರ ಅಕ್ಟೋಬರ್‌ನಲ್ಲಿ ವಿಮಾನ ಅಪಘಾತದಲ್ಲಿ ಅವನು ಸಾಯುವ ಕೆಲವೇ ದಿನ ಮೊದಲು ಹೊರಬಂದ ಆಲ್ಬಮ್ಮಿನ ಮುಖಪುಟದಲ್ಲಿ ಅವನು ತೊಟ್ಟಿರುವುದು ನೀಲ್ ಯಂಗ್ ಚಿತ್ರದ ಅಂಗಿ. ಕಂಟ್ರಿ ರಾಕ್‌ಗೆ ಇಂಥ ಊರ ಜಗಳಗಳ ಹೊರೆ ಇರಲಿಲ್ಲ.

ನಿಮ್ಮ ಕಿವಿ ಗೊಂದಲಕ್ಕೆ ಬಿದ್ದದ್ದರಲ್ಲಿ ತಪ್ಪಿಲ್ಲ, ಗಡಿಯ ಮೇಲೆ ನಿಂತ ಹಾಡುಗಳು ಸಾಕಷ್ಟಿವೆ. ಆಲ್ಮನ್ ತಂಡದ ‘ರ‍್ಯಾಂಬ್ಲಿನ್ ಮ್ಯಾನ್’ (1973) ಪಲ್ಲವಿಯಲ್ಲಿ ಶುದ್ಧ ಕಂಟ್ರಿ. ತಂಡದ ಇನ್ನೊಬ್ಬ ಗಿಟಾರ್ ವಾದಕ ಡಿಕಿ ಬೆಟ್ಸ್‌ಗೆ ಅದು ಕಟ್ಟಿಕೊಂಡು ಬಂದ ಬುತ್ತಿ. ಆದರೆ ಮಾತು ಮುಗಿದ ಮೇಲೆ ಎರಡು ಗಿಟಾರ್‌ಗಳು ಹೆಗಲಿಗೆ ಹೆಗಲು ಕೊಟ್ಟು ಓಡುತ್ತವಲ್ಲ, ಅಲ್ಲಿ ಯಾವ ಮನೆಯ ಹಾಡು ಎಂಬುದು ಗೊತ್ತಾಗುತ್ತದೆ. ತಿರುಗುಮುರುಗಾದದ್ದೂ ಉಂಟು. 1976ರ ‘ಹೋಟೆಲ್ ಕ್ಯಾಲಿಫೋರ್ನಿಯಾ’ದ ಕೊನೆಯಲ್ಲಿ ಬರುವ ಜೋಡಿ ಗಿಟಾರ್ ಕೇಳಿ, ಅದರಲ್ಲಿ ಕಂಟ್ರಿ ಎಷ್ಟಿದೆ? ಅದನ್ನು ನುಡಿಸಿದ ಇಬ್ಬರಲ್ಲಿ ಒಬ್ಬನಾದ ಡಾನ್ ಫೆಲ್ಡರ್ ಫ್ಲಾರಿಡಾದ ಗೇನ್ಸ್‌ವಿಲ್‌ನವನು. ಹುಡುಗನಾಗಿದ್ದಾಗ ಅವನಿಗೆ ಸ್ಲೈಡ್ ಹೇಳಿಕೊಟ್ಟವನು ಡ್ವೇನ್ ಆಲ್ಮನ್.

ಇನ್ನೊಂದು ಪ್ರಶ್ನೆ ಹೇಗೂ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ: ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡ ಯಾವ ಕಡೆ? ಜೌಗು ಕಾಡು, ಲೂಸಿಯಾನದ ಕೆಸರು ಎಂದೆಲ್ಲ ಹಾಡಿದವರು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದ ಎಲ್ ಸೆರಿಟೊದವರು. ಹೆಸರು ಮಾಡಿದ ಹಾಡುಗಳಲ್ಲಿ ಪೆಡಲ್ ಸ್ಟೀಲ್ ಇಲ್ಲ, ಸೀಸೆಯ ಕಿರುಚಾಟವೂ ಇಲ್ಲ. ಅವರನ್ನು ಯಾವ ಕಡೆಗೂ ಸೇರಿಸಬೇಡಿ.