ಖುಕ್ರಿ ಹೋದ ಮೇಲೆ ಖುಕ್ರಿ ಬಂತು

ತೀರ್ಥಹಳ್ಳಿ ಕಡೆ ಗುಡ್ಡದ ಮನೆಯವರು ಕೆಳಗಿನ ತೋಟದಲ್ಲಿರುವವರನ್ನು ಕೂ ಹಾಕಿ ಕರೆಯುತ್ತಾರೆ. ಕೂ ತೋಟಕ್ಕೆ ಮುಟ್ಟುತ್ತದೆ. ಆದರೆ ಎದುರು ಗುಡ್ಡಕ್ಕೆ ಬಡಿದು ವಾಪಸ್ ಬರುವ ಪ್ರತಿಧ್ವನಿ ಕರೆದವರಿಗೆ ಕೇಳಿದರೆ ಪುಣ್ಯ. ಹೋಗುವಾಗಲೇ ಸೊರಗಿದ ಸದ್ದು ಬರುವಾಗ ಇನ್ನೂ ಸೊರಗಿರುತ್ತದೆ, ಅಲ್ವಾ?

ಯುದ್ಧನೌಕೆಯ ಸೋನಾರ್‌ಗೂ ಇದೇ ಕಷ್ಟ. ಅದು ನೀರಿಗೆ ಸದ್ದು ಬಿಟ್ಟು ಪ್ರತಿಧ್ವನಿಗೆ ಕಾಯುತ್ತದೆ. ಸಮುದ್ರದಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಸದ್ದು ಸುತ್ತಲೂ ಸಮನಾಗಿ ಹರಡುತ್ತದೆ ಅಂದುಕೊಳ್ಳಿ. ದೂರ ಎರಡು ಪಟ್ಟಾದರೆ ಜಲಾಂತರ್ಗಾಮಿಗೆ ಮುಟ್ಟುವ ಸದ್ದು ನಾಲ್ಕರಲ್ಲೊಂದು ಪಾಲಾಗುತ್ತದೆ. ಹಡಗಿಗೆ ಮರಳುವ ಪ್ರತಿಧ್ವನಿ ಮಾತ್ರ ಹದಿನಾರರಲ್ಲೊಂದು! ಸುಮ್ನೆ ಕಿವಿಗೊಟ್ಟು ಕೂತ ಜಲಾಂತರ್ಗಾಮಿಗೇ ಮೊದಲು ಸುದ್ದಿ ಸಿಗುತ್ತದೆ. ಸಾಲದ್ದಕ್ಕೆ, ಸದ್ದು ತಣ್ಣನೆಯ ನೀರಿನ ಕಡೆಗೆ ಬಾಗುತ್ತದೆ. ಮೇಲಿನ ನೀರು ಬೆಚ್ಚಗೆ, ಆಳದ್ದು ತಂಪಾಗಿದ್ದರೆ ಹಡಗಿನ ಸದ್ದು ಕೆಳಗೆ ಬಾಗಿ, ದೂರದಲ್ಲಿರುವ ಜಲಾಂತರ್ಗಾಮಿಯನ್ನು ಮುಟ್ಟದೆಯೇ ಹೋಗಬಹುದು.

1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರದ ಸಮುದ್ರದಲ್ಲಿ ಐಎನ್‌ಎಸ್ ಖುಕ್ರಿ ಜಲಾಂತರ್ಗಾಮಿ ಹುಡುಕುತ್ತಿತ್ತು. ಇದು ಬ್ರಿಟನ್ನಿನಲ್ಲಿ ಕಟ್ಟಿದ ಫ್ರಿಗೇಟ್, ಅಂದರೆ ಮಧ್ಯಮ ಗಾತ್ರದ ಯುದ್ಧನೌಕೆ. ಎಂಜಿನ್ ಮತ್ತು ಪ್ರೊಪೆಲ್ಲರ್ ಗದ್ದಲದಲ್ಲಿ ಪ್ರತಿಧ್ವನಿ ಮುಚ್ಚಿಹೋಗುತ್ತದೆ. ಹಾಗಾಗಿ ಚೆನ್ನಾಗಿ ಕೇಳಬೇಕೆಂದರೆ ಹಡಗು ನಿಧಾನ ಹೋಗಬೇಕು. ನಿಧಾನ ಹೋದರೆ ನೀರೊಳಗೇ ಓಡಿಬಂದು ಸಿಡಿಯುವ ಟಾರ್ಪಿಡೊಗೆ ಸುಲಭದ ಗುರಿ. ಎಂಥ ಇಕ್ಕಟ್ಟು ನೋಡಿ! ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್ ಬಿಟ್ಟ ಟಾರ್ಪಿಡೊ ತಗುಲಿ ಖುಕ್ರಿ ಕೆಲವೇ ನಿಮಿಷದಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ.

ಅದೇ ಹೆಸರಿನ ಕಾರ್ವೆಟ್ ಮುಂಬೈನ ಮಜಗಾಂವ್ ಡಾಕ್‌ನಲ್ಲಿ ತಯಾರಾಗಿ 1989ರಲ್ಲಿ ಸೇವೆಗೆ ಸೇರಿತು. ಕಾರ್ವೆಟ್ ಅಂದರೆ ಫ್ರಿಗೇಟ್‌ಗಿಂತ ಚಿಕ್ಕದು ಅನ್ನುವುದು ವಾಡಿಕೆ. ಆದರೆ ಹಳೆಯ ಖುಕ್ರಿ ಸುಮಾರು 94 ಮೀಟರ್ ಉದ್ದವಿದ್ದರೆ, ಹೊಸದು 91. ಈ ವರ್ಗೀಕರಣವನ್ನು ಜಾಸ್ತಿ ನಂಬಬಾರದು ಅನ್ನಿಸುತ್ತದೆ. ಕೆಲಸ ಮಾತ್ರ ಪೂರ್ತಿ ಬೇರೆ. ಹೊಸ ಖುಕ್ರಿಯ ಮುಖ್ಯ ಆಯುಧ ಹಡಗುಗಳ ಮೇಲೆ ಬಿಡುವ ಕ್ಷಿಪಣಿ. 2021ರ ಡಿಸೆಂಬರ್‌ನಲ್ಲಿ ನಿವೃತ್ತಿಯಾದ ಅದನ್ನು ಪ್ರದರ್ಶನಕ್ಕಿಡಲು ದಿಯು ಆಡಳಿತಕ್ಕೆ ಕೊಟ್ಟರು.

ಜಲಾಂತರ್ಗಾಮಿ ಬೇಟೆ ಈಗ ಕಮೋರ್ತಾ ಬಗೆಯ ಕಾರ್ವೆಟ್‌ಗಳ ಪಾಲಿಗೆ ಬಂದಿದೆ. ಕಮೋರ್ತಾ ಕೂಡ ಹಳೆಯ ಹಡಗೊಂದರ ಹೆಸರೇ. ಹೊಸ ಕಮೋರ್ತಾದ ಎಂಜಿನ್, ಗೇರ್‌ಬಾಕ್ಸ್‌ಗಳನ್ನು ಅದುರು ತಡೆಯುವ ತಳಪಾಯದ ಮೇಲೆ ಕೂರಿಸಿದ್ದಾರೆ. ಅವುಗಳ ನಡುಕ ಹಡಗಿನ ಮೈ ಮೂಲಕ ನೀರಿಗೆ ಇಳಿಯುವುದು ಕಡಿಮೆ.